ಬೀಗಲ್ ಮೂಗಿಗೆ 10 ಮೀಟರ್ ಹಗ್ಗ: ಒಂದೂವರೆ ವರ್ಷ ಬಳಸಿದ ಮೇಲೆ

ಮೊದಲು ಅಳತೆ ಹೇಳಿಬಿಡುತ್ತೇನೆ. 10 ಮೀಟರ್ ಅಂತ ಬರೆದು ಮಾರಿದ, ನಾಯಿಗೆ ಕಟ್ಟೋ ಹಗ್ಗ ಇದು. ಪಾರ್ಸೆಲ್ ಬಂದ ದಿನವೇ ಮನೆ ಪಕ್ಕದ ಓಣಿಯಲ್ಲಿ ಉದ್ದಕ್ಕೆ ಹಾಸಿ ಟೇಪ್ ಹಿಡಿದೆ. 9 ಮೀಟರ್ 62 ಸೆಂಟಿಮೀಟರ್ ಬಂತು. 31 ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟವನು ನಾನು. 38 ಸೆಂಟಿಮೀಟರ್ ಕಮ್ಮಿ ಕೊಟ್ಟರೆ ಸುಮ್ನೆ ಇರೋ ಆಸಾಮಿ ಅಲ್ಲ. ಮಾರಿದವರಿಗೆ ಫೋಟೊ ಸಮೇತ ಬರೆದೆ. ‘ಕೊಕ್ಕೆ, ಕುಣಿಕೆ ಎಲ್ಲ ಸೇರಿ 10 ಮೀಟರ್ ಸರ್’ ಅಂತ ಉತ್ತರ ಬಂತು. ನಾನು ಅಳೆದದ್ದೂ ಕೊಕ್ಕೆ, ಕುಣಿಕೆ ಎಲ್ಲ ಸೇರಿಸಿಯೇ.

ಇಷ್ಟೆಲ್ಲ ತಕರಾರು ಇದ್ದರೂ ಹತ್ತಕ್ಕೆ ಎಂಟು ಅಂಕ ಕೊಡುತ್ತೇನೆ. ಯಾಕೆ ಅಂತ ಹೇಳಬೇಕಾದರೆ ಹಗ್ಗಕ್ಕಿಂತ ಮುಂಚೆ ನಾಯಿಯ ವಿಷಯ ಹೇಳಬೇಕು.

ನಮ್ಮ ಬೋಂಡ ಬೀಗಲ್ ಜಾತಿ. ಐದು ವರ್ಷ. ಲಾಕ್‌ಡೌನ್ ಕಾಲದಲ್ಲಿ ಮಗಳು ಮನೆಯಿಂದಲೇ ಕೆಲಸ ಮಾಡುತ್ತಿದ್ದಾಗ ತಂದಳು. ಆಮೇಲೆ ಅವಳಿಗೆ ಪುಣೆಗೆ ವರ್ಗ ಆಯಿತು. ನಾಯಿ ಮೈಸೂರಲ್ಲೇ ಉಳಿಯಿತು, ನನ್ನ ಪಾಲಿಗೆ. ಈ ಕಥೆ ನಮ್ಮ ಬೀದಿಯಲ್ಲೇ ಇನ್ನೂ ಮೂರು ಮನೆಯಲ್ಲಿ ಇದೆ, ನಾಯಿ ಜಾತಿ ಮಾತ್ರ ಬೇರೆ ಬೇರೆ.

ತಂದಾಗ ಮಗಳು ಹೇಳಿದ್ದು, ‘ಅಪ್ಪಾ, ಸಣ್ಣ ನಾಯಿ, ಕೂದಲು ಗಿಡ್ಡ, ಮಕ್ಕಳ ಜೊತೆ ಚೆನ್ನಾಗಿರುತ್ತೆ, ಏನೂ ತೊಂದರೆ ಇಲ್ಲ’ ಅಂತ. ಸಣ್ಣದು ಹೌದು. ಎತ್ತರ 37 ಸೆಂಟಿಮೀಟರ್. ಇಂಗ್ಲೆಂಡಿನವರು ಈ ಜಾತಿಗೆ ಇಟ್ಟ ಅಳತೆ 33ರಿಂದ 40, ಆ ಲೆಕ್ಕದಲ್ಲಿ ಸರಿಯಾಗಿಯೇ ಇದ್ದಾನೆ. ಮಕ್ಕಳ ಜೊತೆ ಚೆನ್ನಾಗಿರೋದೂ ನಿಜ. ಕೂದಲು ಗಿಡ್ಡ ಅನ್ನೋದೂ ನಿಜ, ಆದರೆ ಆ ಗಿಡ್ಡ ಕೂದಲು ವರ್ಷವಿಡೀ ಉದುರುತ್ತೆ. ನನ್ನ ಬಿಳಿ ಪಂಚೆ ಉಟ್ಟ ಹತ್ತೇ ನಿಮಿಷಕ್ಕೆ ಕಂದು ಬಣ್ಣಕ್ಕೆ ತಿರುಗುತ್ತೆ. ಅದೂ ಹೋಗಲಿ. ಮಗಳು ಹೇಳದೆ ಬಿಟ್ಟಿದ್ದು ಮೂಗಿನ ವಿಷಯ.

ಬೀಗಲ್ ಅಂದರೆ ನಾಲ್ಕು ಕಾಲಿನ ಮೇಲೆ ಇಟ್ಟ ಒಂದು ಮೂಗು. ಇಂಗ್ಲೆಂಡಿನಲ್ಲಿ ಮೊಲದ ಬೇಟೆಗೆ ಅಂತಲೇ ಸಾಕಿದ ಜಾತಿ. ನರಿ ಬೇಟೆಯವರು ಕುದುರೆ ಹತ್ತಿ ಹೋದರೆ, ಬೀಗಲ್ ಇಟ್ಟವರು ನಡೆದುಕೊಂಡೇ ಹಿಂದೆ ಹೋಗುತ್ತಿದ್ದರು. ಗುಂಪಾಗಿ ನಾಯಿ ಬಿಡೋದು, ಅವು ಮೊಲ ಹೋದ ದಾರಿಯ ವಾಸನೆ ಹಿಡಿದು ಗಂಟೆಗಟ್ಟಲೆ ಹೋಗೋದು. ಈಗ ನಾವು ನೋಡೋ ಬೀಗಲ್‌ನ ಮೂಲ 1830ರ ದಶಕದಲ್ಲಿ ಎಸೆಕ್ಸ್ ಕಡೆಯ ಹನಿವುಡ್ ಅನ್ನೋ ಪಾದ್ರಿ ಕಟ್ಟಿದ ಗುಂಪು ಅಂತ ಹೇಳುತ್ತಾರೆ. ಅಲ್ಲೇ ಈಗ ನಾಯಿ ಬಿಟ್ಟು ಮೊಲ ಹಿಡಿಯೋದಕ್ಕೆ ನಿಷೇಧ ಇದೆ, 2004ರ ಕಾನೂನು. ನಮ್ಮಲ್ಲಂತೂ 1972ರಲ್ಲೇ ವನ್ಯಜೀವಿ ಕಾಯ್ದೆ ಬಂತು. ಕೆಲಸ ಹೋಯಿತು. ಮೂಗು ಮಾತ್ರ ಹಾಗೇ ಇದೆ. ರಿಟೈರ್ ಆದ ಮೇಷ್ಟ್ರಿಗೆ ಸೀಮೆಸುಣ್ಣ ಕಂಡರೆ ಕೈ ತುರಿಸುತ್ತಲ್ಲ, ಹಾಗೆ.

ನಮ್ಮ ಮುಧೋಳ ನಾಯಿ ನೋಡಿದವರಿಗೆ ಬೇಟೆ ನಾಯಿ ಅಂದರೆ ಉದ್ದ ಕಾಲು, ಸಣ್ಣ ನಡು, ಬಾಣದ ಹಾಗೆ ಓಟ ಅಂತಲೇ ಕಣ್ಣ ಮುಂದೆ ಬರುತ್ತೆ. ಅದು ಕಣ್ಣಿನಿಂದ ಬೇಟೆಯಾಡೋ ಜಾತಿ. ದೂರದಲ್ಲಿ ಅಲ್ಲಾಡಿದ್ದು ಕಂಡಿತೋ, ಬಿಟ್ಟ ಬಾಣ. ಬೀಗಲ್ ಅದರ ತದ್ವಿರುದ್ಧ. ಓಟ ಸಾಧಾರಣ, ಕಣ್ಣು ಸಾಧಾರಣ. ನೆಲಕ್ಕೆ ಮೂಗು ಹಚ್ಚಿದರೆ ಮಾತ್ರ ಮುಗೀತು, ಪ್ರಪಂಚವೇ ಬೇಡ.

ಎರಡು ವರ್ಷದ ಕೆಳಗೆ ಒಂದು ಭಾನುವಾರ ಬೆಳಿಗ್ಗೆ ಯಾರೋ ಗೇಟು ಸರಿಯಾಗಿ ಹಾಕಲಿಲ್ಲ. (ಯಾರೋ ಅಂದರೆ ನಾನೇ. ಮನೆಯಲ್ಲಿ ಇನ್ನೂ ಒಪ್ಪಿಕೊಂಡಿಲ್ಲ.) ಬೋಂಡ ಆಚೆ ಹೋದ. ನಾನು ಬೀದಿ ತುದಿಯಲ್ಲೇ ಅವನನ್ನು ಕಂಡೆ, 50 ಅಡಿ ದೂರ. ಕೂಗಿದೆ. ಕಿವಿ ಕೂಡ ಅಲ್ಲಾಡಲಿಲ್ಲ. ಮೂಗು ನೆಲಕ್ಕೆ, ಬಾಲ ಮೇಲಕ್ಕೆ, ಆ ಕಡೆ ಈ ಕಡೆ ತೂಗುತ್ತಾ ಹೋಗೇ ಹೋದ. ಅವನಿಗೆ ಕೊಬ್ಬು ಅಂತ ಅವತ್ತು ಬೈದುಕೊಂಡೆ. ಡಾಕ್ಟರು ಆಮೇಲೆ ಬಿಡಿಸಿ ಹೇಳಿದರು: ‘ವಾಸನೆ ಹಿಡಿದಾಗ ನಿಮ್ಮ ಮಾತು ಅವನ ತಲೆಗೇ ಹೋಗಲ್ಲ ಸರ್. ಇದನ್ನ ಅವಿಧೇಯತೆ ಅನ್ಕೋಬೇಡಿ.’ ಎರಡು ಗಂಟೆ ಸ್ಕೂಟರಿನಲ್ಲಿ ಸುತ್ತಿದ ಮೇಲೆ ಸಿಕ್ಕಿದ. ರಿಂಗ್ ರಸ್ತೆಯ ಆ ಕಡೆ, ಒಂದು ಮಿಲಿಟರಿ ಹೋಟೆಲಿನ ಹಿಂಬಾಗಿಲ ಮುಂದೆ, ಕೈಕಟ್ಟಿ ನಿಂತ ಶಿಷ್ಯನ ಹಾಗೆ ಕೂತಿದ್ದ. ರಿಂಗ್ ರಸ್ತೆ ಹೇಗೆ ದಾಟಿದ ಅನ್ನೋದು ನೆನೆದರೆ ಈಗಲೂ ಎದೆ ಝಲ್ ಅನ್ನುತ್ತೆ.

ಅವತ್ತಿನಿಂದ ಹಗ್ಗದ ಹುಡುಕಾಟ ಶುರುವಾಯಿತು.

ಮೊದಲು ತಂದದ್ದು ಗುಂಡಿ ಒತ್ತಿದರೆ ಡಬ್ಬಿಯೊಳಗೆ ಸುತ್ತಿಕೊಳ್ಳುವ ಚೈನು. 5 ಮೀಟರ್, 900 ರೂಪಾಯಿ. ನೋಡೋದಕ್ಕೆ ಬಲು ನಾಜೂಕು. ಬೀಗಲ್‌ಗೆ ಮಾತ್ರ ದಯವಿಟ್ಟು ತರಬೇಡಿ. ಇದರಲ್ಲಿ ಹಗ್ಗ ಯಾವಾಗಲೂ ಸ್ವಲ್ಪ ಬಿಗಿಯಾಗೇ ಇರುತ್ತೆ. ಎಳೆದರೆ ಇನ್ನಷ್ಟು ಸಿಗುತ್ತೆ ಅಂತ ನಾಯಿ ಎರಡೇ ದಿನದಲ್ಲಿ ಕಲಿಯುತ್ತೆ. ಮೊದಲೇ ಎಳೆಯೋ ಜಾತಿ, ಅದಕ್ಕೆ ನಾವೇ ಪಾಠ ಹೇಳಿಕೊಟ್ಟ ಹಾಗಾಯಿತು. ಒಂದು ದಿನ ಡಬ್ಬಿ ನನ್ನ ಕೈಜಾರಿತು. ಆ ಪ್ಲಾಸ್ಟಿಕ್ ಡಬ್ಬಿ ರಸ್ತೆ ಮೇಲೆ ಲೊಟಲೊಟ ಅಂತ ಅವನ ಹಿಂದೆಯೇ ಬಂತು. ಅದೇ ಅಟ್ಟಿಸಿಕೊಂಡು ಬರುತ್ತಿದೆ ಅಂತ ಬೋಂಡ ದಿಕ್ಕೆಟ್ಟು ಓಡಿದ. ಪುಣ್ಯಕ್ಕೆ ಎದುರು ಮನೆ ಗೇಟಿನೊಳಗೆ ನುಗ್ಗಿದ. ಅವತ್ತೇ ಅದಕ್ಕೆ ನಿವೃತ್ತಿ.

ಎರಡನೆಯದು ಹಾರ್ಡ್‌ವೇರ್ ಅಂಗಡಿಯ ನೈಲಾನ್ ಹಗ್ಗ. ಬಟ್ಟೆ ಒಣಗಿಸೋದಕ್ಕೆ ಕಟ್ಟುತ್ತೇವಲ್ಲ, ಅದೇ. 120 ರೂಪಾಯಿಗೆ 10 ಮೀಟರ್ ಕೊಟ್ಟ, ಅಳತೆಯೂ ಸರಿಯಾಗಿತ್ತು. ಆದರೆ ನಾಯಿ ಒಮ್ಮೆ ಜೋರಾಗಿ ಹೊರಟಾಗ ಹಗ್ಗ ಅಂಗೈಯೊಳಗೆ ಜಾರಿ ಚರ್ಮ ಸುಟ್ಟುಕೊಂಡಿತು. ವಾರ ಪೂರ್ತಿ ಚಮಚದಲ್ಲಿ ಊಟ ಮಾಡಿದೆ.

ಮೂರನೆಯದೇ ಈ ವಿಮರ್ಶೆಯ ನಾಯಕ. ಪಾಲಿಯೆಸ್ಟರ್ ಪಟ್ಟಿಯ ಮೇಲೆ ಮೆತ್ತಗಿನ ಪ್ಲಾಸ್ಟಿಕ್ ಹೊದಿಸಿರುತ್ತಾರೆ. ಅಗಲ 13 ಮಿಲಿಮೀಟರ್. ಬೆಲೆ 1,450 ರೂಪಾಯಿ. ಅಡುಗೆಮನೆ ತಕ್ಕಡಿಯಲ್ಲಿ ಇಟ್ಟಾಗ 540 ಗ್ರಾಂ ಇತ್ತು. ಮುಟ್ಟಿದರೆ ಸ್ವಲ್ಪ ಎಮ್ಮೆ ಚರ್ಮದ ಹಾಗೆ. ನೀರು ಕುಡಿಯಲ್ಲ, ಇದೇ ಇದರ ದೊಡ್ಡ ಗುಣ. ಕೆಸರಲ್ಲಿ, ಇಬ್ಬನಿ ಹುಲ್ಲಲ್ಲಿ, ಒಮ್ಮೆ ಸಗಣಿ ಗುಂಡಿಯಲ್ಲೂ ಹೊರಳಾಡಿ ಬಂತು. ಹಿತ್ತಲಲ್ಲಿ ನಲ್ಲಿ ಬಿಟ್ಟು ಒಂದು ಬಟ್ಟೆಯಲ್ಲಿ ಒರೆಸಿದರೆ ಆಯಿತು. ಬಟ್ಟೆ ಪಟ್ಟಿಯಾಗಿದ್ದರೆ ಎರಡು ದಿನ ಒಣಗದೆ ಮನೆಯೆಲ್ಲ ನಾರುತ್ತಿತ್ತು.

ಉದ್ದ ಹಗ್ಗ ಯಾಕೆ ಅಂತ ಕೇಳುವವರಿಗೆ ಒಂದು ಸಣ್ಣ ಲೆಕ್ಕ. ಮಾಮೂಲಿ ಚೈನು ಒಂದೂವರೆ ಮೀಟರ್. ನೀವು ಒಂದು ಕಡೆ ನಿಂತರೆ ನಾಯಿಗೆ ಸಿಗೋ ಜಾಗ ಸುಮಾರು 7 ಚದರ ಮೀಟರ್. ಈ ಹಗ್ಗದಲ್ಲಿ, ಅದೂ 38 ಸೆಂಟಿಮೀಟರ್ ಕಮ್ಮಿ ಇರೋ ಹಗ್ಗದಲ್ಲಿ, 290 ಚದರ ಮೀಟರ್. ನಲವತ್ತು ಪಟ್ಟು ಜಾಸ್ತಿ. ನಾನು ಬೇವಿನ ಮರದ ಕೆಳಗೆ ನಿಂತಿರುತ್ತೇನೆ, ಬೋಂಡ ಅಷ್ಟು ಜಾಗದ ವಾಸನೆಯನ್ನೆಲ್ಲ ಓದಿ ಮುಗಿಸುತ್ತಾನೆ. ಮುಂಚೆ ಅವನನ್ನು ದಿನಕ್ಕೆ ನಾಲ್ಕು ಕಿಲೋಮೀಟರ್ ದರದರ ಎಳೆದುಕೊಂಡು ಹೋಗುತ್ತಿದ್ದೆ. ಮನೆಗೆ ಬಂದು ಸೋಫಾ ದಿಂಬು ಹರಿಯುತ್ತಿದ್ದ. ಈಗ 40 ನಿಮಿಷ ಖಾಲಿ ಸೈಟಿನಲ್ಲಿ ಮೂಗು ಆಡಿಸುತ್ತಾನೆ, ಮನೆಗೆ ಬಂದರೆ ಗೊರಕೆ. ಕಾಲಿಗಿಂತ ಮೂಗಿಗೆ ಕೆಲಸ ಕೊಟ್ಟರೆ ಈ ಜಾತಿಗೆ ಸುಸ್ತಾಗುತ್ತೆ ಅಂತ ಯಾರಾದರೂ ಮೊದಲೇ ಹೇಳಿದ್ದರೆ ಮೂರು ದಿಂಬು ಉಳಿಯುತ್ತಿದ್ದವು.

ಇನ್ನು ದೋಷಗಳು. ಕೊಕ್ಕೆ ಹೇಳಿಸಿಕೊಳ್ಳೋ ಹಾಗಿಲ್ಲ. ಹಿತ್ತಾಳೆ ಅಂತ ಬರೆದಿದ್ದರು. ಮೊದಲ ಮಳೆಗಾಲಕ್ಕೇ ಮೇಲಿನ ಹೊಳಪು ಸಿಪ್ಪೆ ಎದ್ದು ಒಳಗೆ ತುಕ್ಕು ಕಾಣಿಸಿತು. ಹಿತ್ತಾಳೆಗೆಲ್ಲಿಯ ತುಕ್ಕು? ಸ್ಪ್ರಿಂಗ್ ಸಿಕ್ಕಿಕೊಂಡು ಒಂದು ದಿನ ಮುಚ್ಚಿಕೊಳ್ಳಲೇ ಇಲ್ಲ. ನಮ್ಮ ಮಾರ್ಕೆಟ್ಟಿನ ಹತ್ತಿರ ಚಪ್ಪಲಿ, ಬ್ಯಾಗು ಹೊಲಿಯುವವರು ಒಬ್ಬರಿದ್ದಾರೆ. ಅವರಿಂದ ನಿಜವಾದ ಹಿತ್ತಾಳೆ ಕೊಕ್ಕೆ ಹಾಕಿಸಿದೆ, ಹೊಲಿಗೆ ಸೇರಿ 180 ರೂಪಾಯಿ. ಹೊಸದಾಗಿ ಕೊಳ್ಳುವವರು ಆ ದುಡ್ಡನ್ನೂ ಸೇರಿಸಿಯೇ ಲೆಕ್ಕ ಹಾಕಿ.

ಎರಡನೆಯ ದೋಷ, ಒದ್ದೆಯಾದರೆ ಜಾರುತ್ತೆ. ಬರಿಗೈಯಲ್ಲಿ ಹಿಡಿಯಬೇಡಿ. ತೋಟದ ಕೆಲಸಕ್ಕೆ ಹಾಕುವ ಗ್ಲೌಸು ಸಾಕು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಲೇಬಾರದು. 12 ಕಿಲೋ ನಾಯಿ ಒಂದು ಮಾರು ಓಡಿ ಎಳೆದರೆ ಬೆರಳು ಮುರಿಯೋದಕ್ಕೆ ಅಷ್ಟೇ ಬೇಕು. ನಾನು ಎರಡು ಎರಡು ಮೀಟರಿಗೆ ಒಂದೊಂದು ಗಂಟು ಹಾಕಿದ್ದೇನೆ. ಕೈಜಾರಿದರೆ ಹಗ್ಗದ ಮೇಲೆ ಕಾಲಿಡುತ್ತೇನೆ. ಗಂಟು ಚಪ್ಪಲಿಗೆ ತಗುಲಿ ನಿಲ್ಲುತ್ತೆ. (ಅಳತೆ ಗಂಟು ಬಿಚ್ಚಿಯೇ ತೆಗೆದದ್ದು, ಯಾರಾದರೂ ಕೇಳುವ ಮುಂಚೆ ಹೇಳಿಬಿಡುತ್ತೇನೆ.)

ಎಲ್ಲಕ್ಕಿಂತ ಮುಖ್ಯ: ಉದ್ದ ಹಗ್ಗವನ್ನು ಕೊರಳ ಬೆಲ್ಟಿಗೆ ಕಟ್ಟಲೇಬೇಡಿ. ಹಗ್ಗ ಮುಗಿಯೋ ಹೊತ್ತಿಗೆ ನಾಯಿ ಪೂರ್ತಿ ವೇಗದಲ್ಲಿರುತ್ತೆ. ಆ ಜಗ್ಗಾಟ ಕತ್ತಿನ ಮೇಲೆ ಬಿದ್ದರೆ ಕಥೆ ಮುಗೀತು. ಬೀಗಲ್‌ಗಳಿಗೆ ಬೆನ್ನುಹುರಿ ಮಧ್ಯದ ಡಿಸ್ಕ್ ತೊಂದರೆ ಬರೋದೂ ಉಂಟು. ಎದೆಗೆ ಹಾಕೋ ಹಾರ್ನೆಸ್ ಬೇಕು, ಕೊಂಡಿ ಬೆನ್ನ ಮೇಲಿರಬೇಕು. ಎದೆಯ ಮೇಲೆ ಅಡ್ಡಪಟ್ಟಿ ಬರೋ ಹಾರ್ನೆಸ್ ಮೊದಲು ತಂದಿದ್ದೆ, ಅದು ಭುಜ ಹಿಡಿದು ನಡಿಗೆ ಕೆಡಿಸಿತು. ಈಗಿರೋದರಲ್ಲಿ ಪಟ್ಟಿ ಎದೆ ಮೂಳೆಯ ಹತ್ತಿರ ಕೂಡಿ ಹೊಟ್ಟೆ ಕೆಳಗೆ ಹೋಗುತ್ತೆ. ಪಟ್ಟಿಯೊಳಗೆ ಎರಡು ಬೆರಳು ತೂರಬೇಕು, ಮೂರು ತೂರಬಾರದು.

ಈಗ ಹಗ್ಗದ ನಿಜವಾದ ಪರೀಕ್ಷೆ. ಹುಣಸೂರು ಹತ್ತಿರ ನಮ್ಮೂರು, ತಮ್ಮ ಅಲ್ಲೇ ಇದ್ದಾನೆ. ನಮ್ಮ ಕಡೆ ಹೊಗೆಸೊಪ್ಪು ಮುಗಿದ ಮೇಲೆ ಅದೇ ಹೊಲಕ್ಕೆ ರಾಗಿ ಹಾಕುತ್ತಾರೆ. ಕಳೆದ ಜನವರಿಯಲ್ಲಿ ಹೋದಾಗ ರಾಗಿ ಕೊಯ್ದು ಬರೀ ಕೂಳೆ ಉಳಿದಿತ್ತು. ಬೆಳಿಗ್ಗೆ ಆರೂ ಕಾಲು. ಇಬ್ಬನಿ ಬಿದ್ದು ನೆಲ ತಣ್ಣಗಿತ್ತು. ವಾಸನೆ ಹಿಡಿಯೋ ನಾಯಿಗೆ ಇದಕ್ಕಿಂತ ಒಳ್ಳೆ ಹೊತ್ತು ಬೇಕಾ? ಬಿಸಿಲು ಏರಿ ನೆಲ ಒಣಗಿದರೆ ವಾಸನೆಯೂ ತೆಳುವಾಗುತ್ತೆ, ನಾಯಿಗೂ ಆಸಕ್ತಿ ಹೋಗುತ್ತೆ.

ತಮ್ಮನೂ ಬಂದ, ಜೊತೆಗೆ ಅವನ ಕರಿಯ. ಕರಿಯ ಅಪ್ಪಟ ಊರ ನಾಯಿ, ಹಗ್ಗ ಕಂಡವನಲ್ಲ.

ಬದುವಿನ ಹತ್ತಿರ ಬೋಂಡ ತಟ್ಟನೆ ನಿಂತ. ಮೂಗು ನೆಲಕ್ಕೆ ಒತ್ತಿದ. ಉಸಿರು ಎಳೆಯೋ ಸದ್ದು ನನಗೇ ಕೇಳಿಸುತ್ತಿತ್ತು, ಹೊಲಿಗೆ ಮೆಷಿನ್ ಹಾಗೆ, ಟಕಟಕಟಕ. ನಾಯಿ ಉಸಿರು ಬಿಡುವಾಗ ಮೂಗಿನ ಪಕ್ಕದ ಸೀಳಿನಿಂದ ಗಾಳಿ ಆಚೆ ಹೋಗುತ್ತೆ, ಆ ಗಾಳಿಯೇ ನೆಲದ ವಾಸನೆಯನ್ನು ಕೆದಕಿ ಮುಂದಿನ ಉಸಿರಿಗೆ ಒದಗಿಸುತ್ತೆ. ಹತ್ತಿರ ಬಗ್ಗಿ ನೋಡಿದರೆ ಆ ಸೀಳಿನ ಮುಂದೆ ಒಣ ಮಣ್ಣಿನ ಪುಡಿ ಹಾರೋದು ಕಾಣುತ್ತೆ. ಬಾಲ ನಿಗುರಿತು. ಬೀಗಲ್ ಬಾಲದ ತುದಿ ಬಿಳಿ ಇರುತ್ತೆ, ನಾಯಿ ಹುಲ್ಲಿನಲ್ಲಿ ಮುಳುಗಿದರೂ ಬೇಟೆಗಾರನಿಗೆ ಕಾಣಲಿ ಅಂತ ಹಾಗೆಯೇ ಆರಿಸಿ ಬೆಳೆಸಿದ್ದು. ಹೊರಟ. ಹಗ್ಗ ಕೂಳೆ ಮೇಲೆ ಸರಸರ ಹರಿಯಿತು. ನಾಲ್ಕು ಮೀಟರ್, ಆರು, ಎಂಟು. ನಾನೂ ಹಿಂದೆ ಓಡಿದೆ. 61ನೇ ವಯಸ್ಸಿನಲ್ಲಿ ಪಂಚೆ ಎತ್ತಿ ಕಟ್ಟಿ ಓಡೋ ದೃಶ್ಯ ನೋಡಿ ತಮ್ಮ ನಗುತ್ತಿದ್ದ.

ನೇರ ಹೋಗಲಿಲ್ಲ ಅವನು. ಎಡಕ್ಕೆ ಎರಡು ಹೆಜ್ಜೆ, ಬಲಕ್ಕೆ ಎರಡು ಹೆಜ್ಜೆ, ಮತ್ತೆ ಮಧ್ಯಕ್ಕೆ. ವಾಸನೆಯ ಅಂಚು ಎಲ್ಲಿ ಮುಗಿಯುತ್ತೆ ಅಂತ ಎರಡೂ ಕಡೆ ಮುಟ್ಟಿ ನೋಡಿಕೊಳ್ಳುತ್ತಾ ಹೋಗೋದು. ಹೊಲದ ಮಧ್ಯೆ ಒಂದು ಕಡೆ ತಪ್ಪಿತು. ನಿಂತ. ಹಿಂದಕ್ಕೆ ಬಂದು ಒಂದು ಸುತ್ತು ಹಾಕಿದ. ಸಿಗಲಿಲ್ಲ. ಇನ್ನೂ ದೊಡ್ಡ ಸುತ್ತು. ಸಿಕ್ಕಿತು! ಆಗ ಹೊರಟಿತು ನೋಡಿ ಗಂಟಲಿಂದ ಆ ಊಳು. ಬೊಗಳೋದಲ್ಲ, ಅಳೋದೂ ಅಲ್ಲ. ‘ಔಊಊ’ ಅಂತ ಹೊಟ್ಟೆಯ ಆಳದಿಂದ ಬರೋ ಉದ್ದ ದನಿ.

ಅಷ್ಟರಲ್ಲಿ ತಮಾಷೆ ನಡೆಯಿತು. ನಮ್ಮಿಂದ ಇಪ್ಪತ್ತು ಅಡಿ ಬಲಕ್ಕೆ ಒಂದು ಕೂಳೆ ಗುಡ್ಡೆಯ ಹಿಂದಿಂದ ಮೊಲ ಎದ್ದಿತು. ನಮ್ಮ ಕಣ್ಣೆದುರೇ ಹಾರಿ ಓಡಿತು. ಕರಿಯ ಕಂಡ ತಕ್ಷಣ ಬಿದ್ದಂಬೀಳ ಅದರ ಹಿಂದೆ ಹೋದ. (ಸಿಗಲಿಲ್ಲ, ಸದ್ಯ.) ಬೋಂಡ? ತಲೆ ಕೂಡ ಎತ್ತಲಿಲ್ಲ. ಅದೇ ಮೊಲ ಬೆಳಗಿನ ಜಾವ ನಡೆದು ಹೋಗಿದ್ದ ದಾರಿಯನ್ನು ಶ್ರದ್ಧೆಯಿಂದ ಮೂಸುತ್ತಾ, ಊಳಿಡುತ್ತಾ, ಎಡಕ್ಕೆ ಹೋಗುತ್ತಿದ್ದ.

‘ಅಣ್ಣಾ, ನಿನ್ನ ನಾಯಿಗೆ ಕಣ್ಣು ಕಾಣಲ್ವಾ?’ ಅಂದ ತಮ್ಮ.

‘ಕಾಣುತ್ತೆ ಕಣೋ, ಅವನಿಗೆ ಪುರಾವೆ ಬೇಕು’ ಅಂದೆ.

ಹಗ್ಗಕ್ಕೆ ಅವತ್ತು ಪೂರ್ತಿ ಅಂಕ. ಕೂಳೆಗೆ ಸಿಕ್ಕಿ ಹಾಕಿಕೊಳ್ಳಲಿಲ್ಲ, ನಯವಾಗಿರೋದರಿಂದ ಜಾರಿಕೊಂಡು ಬಂತು. ಲಂಟಾನ ಪೊದೆ ಮಾತ್ರ ಇದಕ್ಕೆ ಪರಮ ವೈರಿ.

ಊಳು ಅಂದೆನಲ್ಲ, ಅದರ ಬಗ್ಗೆ ಒಂದು ಮಾತು. ಊರಲ್ಲಿ ಅದು ಚೆಂದ. ಮೈಸೂರಲ್ಲಿ ಬೋಂಡ ಕುಕ್ಕರ್ ಕೂಗಿದರೆ ಕೂಗುತ್ತಾನೆ, ಆಂಬುಲೆನ್ಸ್ ಹೋದರೆ ಕೂಗುತ್ತಾನೆ. ಎದುರು ಮನೆ ಅಜ್ಜಿ ಒಂದು ಸಂಜೆ ಬಂದರು. ‘ಮೇಷ್ಟ್ರೇ, ದೀಪ ಹಚ್ಚೋ ಹೊತ್ತಲ್ಲಿ ನಾಯಿ ಊಳಿಡಬಾರದು. ಮನೇಲಿ ವಯಸ್ಸಾದವರು ಇದ್ದೀವಿ’ ಅಂದರು. ನಾನು ಕೂರಿಸಿ ಕಾಫಿ ಕೊಟ್ಟು ವಿವರಿಸಿದೆ. ಅಜ್ಜಿ, ಇದು ಅಪಶಕುನದ ಊಳಲ್ಲ. ನಾಯಿ ಪೊದೆಯೊಳಗೆ ಹೋಗಿ ಕಾಣದಿದ್ದರೂ ಯಾವ ಕಡೆ ಇದೆ ಅಂತ ಬೇಟೆಗಾರನಿಗೆ ಗೊತ್ತಾಗಲಿ ಅಂತ ಇರೋ ದನಿ, ಮೊಲ ಹುಡುಕುವಾಗ ಉಪಯೋಗಕ್ಕೆ ಬರುತ್ತೆ ಅಂತ. ಅಜ್ಜಿ ಕಾಫಿ ಮುಗಿಸಿ ಲೋಟ ಕೆಳಗಿಟ್ಟು, ‘ನಮ್ಮ ಬೀದೀಲಿ ಎಲ್ಲಪ್ಪ ಮೊಲ?’ ಅಂದರು. ಉತ್ತರ ಇರಲಿಲ್ಲ. ಫ್ಲಾಟ್‌ನಲ್ಲಿ ಇರುವವರು ಈ ಜಾತಿ ತರೋ ಮುಂಚೆ ಪಕ್ಕದ ಮನೆಯವರನ್ನು ಒಮ್ಮೆ ನೆನೆಸಿಕೊಳ್ಳಿ.

ಕರೆದರೆ ಬರೋ ಅಭ್ಯಾಸಕ್ಕೂ ಈ ಹಗ್ಗವೇ ಬೇಕು. ನಾಯಿ ದೂರದಲ್ಲಿದ್ದಾಗ ಕರೆಯೋದು, ಬಂದರೆ ತಿಂಡಿ ಕೊಡೋದು, ಬರದಿದ್ದರೆ ಹಗ್ಗ ಇದೆ, ಓಡಿಹೋಗಿ ಬುದ್ಧಿ ಕಲಿಯೋ ಅವಕಾಶ ಇಲ್ಲ. ಬಿಸ್ಕತ್ತಿಗೆ ನಮ್ಮವನು ಬರಲ್ಲ. ಬೇಯಿಸಿದ ಕೋಳಿ ಈಲಿ, ಹುಣಸೆ ಬೀಜದಷ್ಟು ಚೂರು. ವಾಸನೆಗೆ ಎದುರಾಗಿ ಇನ್ನೊಂದು ವಾಸನೆ. ಮನೆಯವಳು ಈಲಿಯನ್ನು ಒಳಗೆ ಬಿಡಲ್ಲ, ಹಿತ್ತಲ ಒಲೆಯಲ್ಲಿ ನಾನೇ ಬೇಯಿಸುತ್ತೇನೆ. ನೋಟ್‌ಬುಕ್ ಇಟ್ಟಿದ್ದೇನೆ. ಮೊದಲ ತಿಂಗಳು ಹತ್ತು ಸಲ ಕರೆದರೆ ಎರಡು ಸಲ ಬಂದ. ಆರು ತಿಂಗಳಿಗೆ ಏಳು. ಈಗ ಎಂಟು. ಹೊಸ ವಾಸನೆ ಹಿಡಿದಿದ್ದರೆ ಮಾತ್ರ ಅವತ್ತೂ ಸೊನ್ನೆ, ಇವತ್ತೂ ಸೊನ್ನೆ. ಅದಕ್ಕೇ ಬಯಲಲ್ಲಿ ಹಗ್ಗ ಬಿಚ್ಚೋ ದಿನ ಬರಲ್ಲ ಅಂತ ಮನಸ್ಸು ಗಟ್ಟಿ ಮಾಡಿಕೊಂಡಿದ್ದೇನೆ.

ಈ ತಿಂಡಿಯನ್ನೂ ಊಟದ ಲೆಕ್ಕದಲ್ಲಿ ಕಳೆಯಬೇಕು. ಬೀಗಲ್ ಹೊಟ್ಟೆಗೆ ‘ಸಾಕು’ ಅನ್ನೋ ಪದ ಗೊತ್ತಿಲ್ಲ. ಮಗಳು ಹೋದಾಗ ಬೋಂಡ 14 ಕಿಲೋ 300 ಇದ್ದ. ದಿನಾ ಬೆಳಿಗ್ಗೆ ಮನೆಯವಳು ‘ಪಾಪ’ ಅಂತ ದೋಸೆ ಅಂಚು ಹಾಕುತ್ತಿದ್ದಳು, ನಾನು ‘ಪಾಪ’ ಅಂತ ಇನ್ನೊಂದು ಅಂಚು. ಅವನನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲೋದು, ನನ್ನ ತೂಕ ಕಳೆಯೋದು. ಈಗ 12 ಕಿಲೋ. ಪಾಯಸದ ದ್ರಾಕ್ಷಿ, ಈರುಳ್ಳಿ ಬಿದ್ದ ಪಲ್ಯ, ಚಾಕೊಲೇಟು ಇವುಗಳನ್ನು ಮಾತ್ರ ಚೂರೂ ಕೊಡಬೇಡಿ, ನಾಯಿಗೆ ವಿಷ.

ಕಿವಿಯನ್ನೂ ನೋಡಿಕೊಳ್ಳಬೇಕು. ಜೋಲು ಕಿವಿ, ಒಳಗೆ ಗಾಳಿ ಆಡಲ್ಲ. ಈ ಹಗ್ಗ ಬಂದ ಮೇಲೆ ಒದ್ದೆ ಹುಲ್ಲಿನಲ್ಲಿ ತಲೆ ತಗ್ಗಿಸಿಕೊಂಡು ತಿರುಗೋದು ಜಾಸ್ತಿ ಆಯಿತು, ಮಳೆಗಾಲದಲ್ಲಿ ಒಂದು ದಿನ ಕಿವಿ ಎತ್ತಿದರೆ ಮೂರು ದಿನದ ದೋಸೆ ಹಿಟ್ಟಿನ ವಾಸನೆ. ಸೋಂಕು. ಎರಡು ವಾರ ಔಷಧಿ ಹಾಕಿದ್ದಾಯಿತು. ಈಗ ವಾಕಿಂಗ್ ಮುಗಿದ ಮೇಲೆ ಕಿವಿ ಒರೆಸಿ ಒಣಗಿಸುತ್ತೇನೆ, ವಾರಕ್ಕೊಮ್ಮೆ ಡಾಕ್ಟರು ಕೊಟ್ಟ ದ್ರಾವಣದಲ್ಲಿ ತೊಳೆಯುತ್ತೇನೆ. ಕಿವಿಯ ಅಂಚಿನಲ್ಲಿ, ಬೆರಳ ಸಂದಿಯಲ್ಲಿ ಉಣ್ಣೆ ಹುಳ ಹತ್ತಿದೆಯಾ ಅಂತಲೂ ಆಗಲೇ ನೋಡಿಬಿಡೋದು. ಉಣ್ಣೆಯಿಂದ ಬರೋ ಜ್ವರಕ್ಕೆ ನಮ್ಮ ಬೀದಿಯಲ್ಲೇ ಎರಡು ನಾಯಿ ಹೋದವು.

ಇಷ್ಟು ಮೂಗನ್ನು ಸುಮ್ನೆ ಇಟ್ಟುಕೊಂಡಿದ್ದೀರಲ್ಲ ಅಂತ ಭಾವಮೈದ ಹೇಳುತ್ತಿರುತ್ತಾನೆ. ಅವನಿಗೆ ಅನುಭವ ಆಗಿದೆ. ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಹಣ್ಣು, ಮಾಂಸ, ಸೊಪ್ಪು ಪತ್ತೆಗೆ ಬೀಗಲ್‌ಗಳನ್ನೇ ಇಟ್ಟಿದ್ದಾರೆ, 1984ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಶುರುವಾದದ್ದು. ಮಗನ ಮನೆಗೆ ಹೋದಾಗ ಇವನ ಚೀಲದ ಪಕ್ಕ ಒಂದು ಪುಟ್ಟ ನಾಯಿ ಬಂದು ಸದ್ದಿಲ್ಲದೆ ಕೂತಿತಂತೆ. ಬೊಗಳಲಿಲ್ಲ, ಕೆರೆಯಲಿಲ್ಲ, ಸುಮ್ನೆ ಕೂತಿತು. ಒಳಗೆ ಮೂರು ಸುತ್ತು ಪ್ಲಾಸ್ಟಿಕ್, ಒಂದು ಸುತ್ತು ಕಾಗದ, ಅದರೊಳಗೆ ಕರಿಬೇವು. ‘ನಿಮ್ಮ ಬೋಂಡನ ದೊಡ್ಡಪ್ಪ’ ಅಂತಲೇ ಇವತ್ತಿಗೂ ಹೇಳೋದು.

ಕಳೆದ ದಸರಾಕ್ಕೆ ಮಗಳು ಬಂದಳು. ಊರಿಗೆ ಹೋದೆವು. ‘ಅಪ್ಪಾ, ಚಿಕ್ಕಪ್ಪನ ತೆಂಗಿನ ತೋಟಕ್ಕೆ ಬೇಲಿ ಇದೆಯಲ್ಲ, ಒಂದು ಸಲ ಬಿಡೋಣಪ್ಪ’ ಅಂತ ಹಟ ಹಿಡಿದಳು. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಹಗ್ಗ ಬಿಚ್ಚೋದಿಲ್ಲ, ಕೈಯಿಂದ ಮಾತ್ರ ಬಿಡೋದು. ಇದು ತಪ್ಪು. ನೀವು ಮಾಡಬೇಡಿ. ಐದು ನಿಮಿಷ ಚೆನ್ನಾಗಿತ್ತು. ಆರನೇ ನಿಮಿಷಕ್ಕೆ ಮುಳ್ಳುತಂತಿಯ ಕೆಳಗೆ ನಾಯಿ ಹೋಯಿತು, ಹಗ್ಗವೂ ಹಾವಿನ ಹಾಗೆ ಅದರ ಹಿಂದೆ ಹೋಯಿತು. ನಾನು ಕೊನೆಯ ಗಂಟಿನ ಮೇಲೆ ಕಾಲಿಡೋ ಅಷ್ಟರಲ್ಲಿ ಅರ್ಧ ಅಡಿ ತಪ್ಪಿತು.

ಆ ಕಡೆ ಬರೀ ಲಂಟಾನ, ಆಳೆತ್ತರ. ಕೂಗಿದೆವು. ಮಗಳು ಅಳೋದಕ್ಕೇ ಶುರು ಮಾಡಿದಳು. ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ಹಳ್ಳದ ಕಡೆಯಿಂದ ಕೇಳಿಸಿತು, ‘ಔಊಊ’. ನಿಂತು ಕೇಳಿ, ನಾಲ್ಕು ಹೆಜ್ಜೆ ನಡೆದು, ಮತ್ತೆ ನಿಂತು ಕೇಳಿ, ಹಾಗೇ ಹೋದೆವು. ಪೊದೆಗಳ ಮೇಲೆ ಬಾಲದ ಬಿಳಿ ತುದಿ ಕಂಡಿತು. ಹಗ್ಗ ಲಂಟಾನ ಬುಡಕ್ಕೆ ಮೂರು ಸುತ್ತು ಬಿಗಿದುಕೊಂಡಿತ್ತು. ಬೋಂಡ ಅಷ್ಟೂ ಬಲ ಹಾಕಿ ಮುಂದಕ್ಕೆ ಜಗ್ಗುತ್ತಾ, ಒಂದು ಬಿಲದ ಬಾಯಿಗೆ ಮೂಗು ತಲುಪಿಸೋದಕ್ಕೆ ಒದ್ದಾಡುತ್ತಿದ್ದ. ಗೇಣುದ್ದ ಸಾಲದೆ ಬಂದಿತ್ತು. ನಮ್ಮನ್ನು ನೋಡಿ ಬಾಲ ಅಲ್ಲಾಡಿಸಿದ, ಬಂದು ಇದನ್ನು ಬಿಡಿಸಿ ಅನ್ನೋ ಹಾಗೆ.

ಮೈಸೂರಿಗೆ ಬಂದು ಹಗ್ಗ ತೊಳೆದೆ. ಎರಡು ಕಡೆ ಮುಳ್ಳು ಗೀರಿದೆ, ಹೊದಿಕೆ ಹರಿದಿಲ್ಲ. ಹಿತ್ತಾಳೆ ಕೊಕ್ಕೆ ಹಾಗೇ ಇದೆ. ಗಂಟು ಬಿಚ್ಚಿ, ಓಣಿಯಲ್ಲಿ ಹಾಸಿ, ಮತ್ತೆ ಟೇಪ್ ಹಿಡಿದೆ. 9 ಮೀಟರ್ 71. ಬೋಂಡ ಎಳೆದು ಎಳೆದು 9 ಸೆಂಟಿಮೀಟರ್ ವಸೂಲಿ ಮಾಡಿದ್ದಾನೆ. ಮಾರಿದವರ ಕಡೆಯಿಂದ ಇನ್ನು 29 ಬಾಕಿ.